ಬೇಸಗೆಯ ಹವೆಯೂ ಬೆಂಕಿಯ ಭಯವೂ

ಹಿಂಗಾರಿಯ ಸುಗ್ಗಿಯು ಮುಗಿದು, ಜೋಳದ ಕಣಿಕೆಯು ಬಣವಿಯಾಗಿ ನಿಂತು, ಕಣಗಳು ಬರಿದಾದ ಮೇಲೆ ಒಕ್ಕಲಿಗನಿಗೆ ಕೆಲವು ದಿನಗಳ ವಿಶ್ರಾಂತಿಯು ದೊರೆಯುವದು. ಆದರೆ ಮಾಘದಿಂದ ವೈಶಾಖದವರೆಗಿನ ಈ ಕಾಲವೇ ಬೆಂಕಿಗೆ ಸುಗ್ಗಿಯ ಕಾಲವಾಗಿರುವದು. ನವಲಗುಂದ, ಅಣ್ಣಿಗೇರಿ, ಕುಂದಗೋಳ ತಾಲೂಕುಗಳ ಎರೆಯ ಬಯಲಿನಲ್ಲಿ ಬಣವಿಗಳೂ, ಕಲಘಟಗಿ ತಾಲೂಕಿನ ಅಡವಿಯ ಮಗ್ಗುಲಲ್ಲಿ ಹುಲ್ಲು ತರಗೆಲೆಗಳೂ ಉರಿದ ಸುದ್ದಿಯನ್ನು ಬೇಸಗೆಯಲ್ಲಿ ನಾವು ಕೇಳುತ್ತಲೇ ಇರುವೆವು.

ಬಣವಿಯು ಸುಟ್ಟರೆ ಹೋಗುವದು ಹುಲ್ಲೊಂದೇ ಎಂದು ತಿಳಿಯಲಾಗದು. ಎರೆಯ ಸೀಮೆಯಲ್ಲಿ ಮುಂದಿನ ಮುಂಗಾರಿಯ ಹಸಿರು ಮೂಡುವವರೆಗೆ ದನಗಳ ಹೊಟ್ಟೆಗೆ ಆಧಾರವು ಆ ಬಣವಿಯೇ. ಫಾಲ್ಗುಣದಲ್ಲಿ ಅದು ಬೂದಿಯಾದರೆ ಒಕ್ಕಲಿಗನು ಕೊಂಡ ಮೇವಿನಿಂದ ನಾಲ್ಕು ತಿಂಗಳು ಕಳೆಯಬೇಕು. ಇಲ್ಲವೆ ಎತ್ತುಗಳನ್ನು ಸಂತೆಗೆ ಹೊಡೆಯಬೇಕು. ಮೃಗಶಿರಾ ಮಳೆಯು ಬಂದು ಕೂರಿಗೆ ಹೂಡುವ ಹೊತ್ತಿಗೆ ಕೊಟ್ಟಿಗೆಯು ಬರಿದಾಗಿರುವದು. ಹೀಗೆ ಒಂದು ಮಧ್ಯಾಹ್ನದ ಬೆಂಕಿಯು ಬರುವ ವರ್ಷದ ಬೆಳೆಯನ್ನೂ ಕೆಡಿಸಬಲ್ಲದು.

ನಮ್ಮ ಸೀಮೆಯಲ್ಲಿ ಕಿಡಿಯು ಹುಟ್ಟುವದು ಬಹುಮಟ್ಟಿಗೆ ಮನುಷ್ಯನ ಕೈಯಿಂದ. ಆದರೆ ಹುಟ್ಟಿದ ಕಿಡಿಯು ಅಲ್ಲಿಯೇ ಆರುವದೋ, ಊರನ್ನೇ ನುಂಗುವದೋ ಎಂಬುದನ್ನು ನಿರ್ಣಯಿಸುವದು ಆ ದಿನದ ಹವೆ. ಬಿತ್ತನೆಗಾಗಿ ಮುಗಿಲನ್ನೂ ಗಾಳಿಯನ್ನೂ ನೋಡಬಲ್ಲ ಒಕ್ಕಲಿಗನು ಅದೇ ಕಣ್ಣಿನಿಂದ ಬೆಂಕಿಯ ದಿನಗಳನ್ನೂ ಗುರುತಿಸಬಲ್ಲನು. ಅದಕ್ಕೆ ಬೇಕಾದ ನಾಲ್ಕು ಕುರುಹುಗಳನ್ನು ಇಲ್ಲಿ ವಿವರಿಸಲಾಗಿದೆ.

ಮೊದಲನೆಯ ಕುರುಹು: ಮಳೆಯಿಲ್ಲದ ದಿನಗಳು

ಹಿಂಗಾರಿ ಮಳೆಯು ನಿಂತ ಮೇಲೆ ಅಶ್ವಿನಿ, ಭರಣಿಗಳ ಅಡ್ಡಮಳೆಗಳು ಬೀಳುವವರೆಗೆ ನಮ್ಮ ಜಿಲ್ಲೆಯಲ್ಲಿ ನಾಲ್ಕು ತಿಂಗಳಿಗೂ ಮಿಕ್ಕಿ ಹೇಳಿಕೊಳ್ಳುವಂಥ ಮಳೆಯಿಲ್ಲದೆ ಹೋಗುವದುಂಟು. ಎರೆಯ ನೆಲವು ಬಿರುಕು ಬಿಡುವದು. ಬದುವಿನ ಹುಲ್ಲು ಬೆಳ್ಳಗಾಗುವದು. ಕಲಘಟಗಿಯ ಕಡೆಯಲ್ಲಿ ತೇಗ, ಮತ್ತಿ ಮುಂತಾದ ಗಿಡಗಳು ಎಲೆಯುದುರಿಸಿ ನೆಲವನ್ನೆಲ್ಲ ಮುಚ್ಚುವವು.

ಮಳೆಯು ಚೆನ್ನಾಗಿ ಆದ ವರ್ಷದಲ್ಲಿ ಬೆಂಕಿಯ ಭಯವು ಕಡಿಮೆಯೆಂದು ಹಲವರು ತಿಳಿಯುವರು. ಇದು ಪೂರ್ತಿ ನಿಜವಲ್ಲ. ಮಳೆಯು ಹೆಚ್ಚಾದ ವರ್ಷ ಹುಲ್ಲೂ ಕಣಿಕೆಯೂ ಹೆಚ್ಚು. ಅವು ಒಣಗಿದ ಮೇಲೆ ಬೆಂಕಿಗೆ ಆಹಾರವೂ ಹೆಚ್ಚು. ಬರದ ವರ್ಷದಲ್ಲಿ ಬಯಲಿನ ಹುಲ್ಲು ಕಡಿಮೆಯಾದರೂ ಅಡವಿಯ ಎಲೆಯು ಬೇಗನೆ ಉದುರುವದು, ಹಸಿಯ ಗಿಡಗಂಟಿಗಳೂ ಸೊರಗಿ ಉರಿಯಲು ಸಿದ್ಧವಾಗುವವು. ಆದುದರಿಂದ ಎರಡು ಬಗೆಯ ವರ್ಷಗಳಲ್ಲಿಯೂ ಎಚ್ಚರವು ಬೇಕು. ನಡುವೆ ಬಿದ್ದ ನಾಲ್ಕು ಹನಿಗಳನ್ನು ನಂಬಿಯೂ ಮೋಸಹೋಗಬಾರದು. ನೆಲದ ಧೂಳನ್ನು ಅಡಗಿಸಿದ ತುಂತುರು ಮಳೆಯಿಂದ ತೊಯ್ದ ಹುಲ್ಲು ಮರುದಿನದ ಬಿಸಿಲಿಗೆ ಮತ್ತೆ ಗರಿಗರಿಯಾಗುವದು.

ಎರಡನೆಯ ಕುರುಹು: ಹವೆಯಲ್ಲಿಯ ತೇವ

ಹವೆಯಲ್ಲಿ ನೀರಿನ ಆವಿಯು ಯಾವಾಗಲೂ ಇರುವದು. ಹವೆಯು ಕಾದಷ್ಟೂ ಅದು ಹಿಡಿದುಕೊಳ್ಳಬಲ್ಲ ಆವಿಯ ಪ್ರಮಾಣವು ಏರುವದು. ಹಿಡಿಯಬಲ್ಲಷ್ಟರಲ್ಲಿ ಎಷ್ಟು ಪಾಲು ಇದೆಯೆಂಬುದನ್ನು ಶೇಕಡಾ ಲೆಕ್ಕದಲ್ಲಿ ಹೇಳುವದಕ್ಕೆ ಸಾಪೇಕ್ಷ ಆರ್ದ್ರತೆಯೆಂದು ಹೆಸರು. ಬೆಳಗಿನಲ್ಲಿ ಉಷ್ಣಮಾನವು ೨೦ ಅಂಶ ಸೆಲ್ಸಿಯಸ್ ಇದ್ದು ಆರ್ದ್ರತೆಯು ಶೇಕಡಾ ೮೦ ಇದ್ದಿತೆಂದು ಭಾವಿಸೋಣ. ಆವಿಯು ಅಷ್ಟೇ ಇದ್ದು ಮಧ್ಯಾಹ್ನಕ್ಕೆ ಉಷ್ಣಮಾನವು ೩೬ ಅಂಶಕ್ಕೆ ಏರಿದರೆ ಆರ್ದ್ರತೆಯು ಶೇಕಡಾ ೩೩ರ ಸುಮಾರಿಗೆ ಇಳಿಯುವದು. ಆಗ ಹವೆಯು ಬಾಯಾರಿದಂತಾಗಿ ಹುಲ್ಲು, ಎಲೆ, ಹೊಟ್ಟುಗಳಲ್ಲಿಯ ತೇವವನ್ನು ಹೀರತೊಡಗುವದು.

ದಪ್ಪ ಮರದ ತುಂಡು ಒಣಗಲು ವಾರಗಳು ಬೇಕು. ಆದರೆ ಒಣಹುಲ್ಲು, ತರಗೆಲೆ, ಕಡ್ಡಿಗಳು ಒಂದೆರಡು ತಾಸುಗಳಲ್ಲಿಯೇ ಸುತ್ತಲಿನ ಹವೆಯಂತೆ ಒಣಗುವವು ಇಲ್ಲವೆ ತೇವಗೊಳ್ಳುವವು. ಆದುದರಿಂದಲೇ ಬೆಳಗಿನ ಇಬ್ಬನಿಯಲ್ಲಿ ಹೊತ್ತಿಸಿದರೂ ಹೊಗೆಯಾಡಿ ಆರುವ ಹುಲ್ಲು, ಅದೇ ದಿನದ ಮಧ್ಯಾಹ್ನ ಎರಡರಿಂದ ನಾಲ್ಕು ಗಂಟೆಯೊಳಗೆ ಬೀಡಿಯ ಕೊನೆಯಿಂದಲೂ ಭುಗ್ಗೆಂದು ಹೊತ್ತುವದು. ಪರೀಕ್ಷೆಯು ಸುಲಭವಾಗಿದೆ. ಬಣವಿಯ ಹೊರಮೈಯಿಂದ ಜೋಳದ ಒಣ ಗರಿಯೊಂದನ್ನು ಎಳೆದು ಮುಷ್ಟಿಯಲ್ಲಿ ಹಿಸುಕಬೇಕು. ಅದು ಬಾಗಿ ಮತ್ತೆ ಬಿಚ್ಚಿಕೊಂಡರೆ ತೇವವಿದೆಯೆಂದೂ, ಸದ್ದು ಮಾಡಿ ಪುಡಿಯಾದರೆ ಬೆಂಕಿಯ ಹೊತ್ತು ಬಂದಿದೆಯೆಂದೂ ತಿಳಿಯಬೇಕು.

ಮೂರನೆಯ ಕುರುಹು: ಗಾಳಿ

ಗಾಳಿಯು ಬೆಂಕಿಗೆ ಉಸಿರನ್ನು ಕೊಡುವದಲ್ಲದೆ ಉರಿಯನ್ನು ಮುಂದಕ್ಕೆ ಬಾಗಿಸಿ ಎದುರಿನ ಹುಲ್ಲನ್ನು ಮೊದಲೇ ಕಾಯಿಸಿ ಒಣಗಿಸುವದು. ಕಿಡಿಗಳನ್ನು ಎತ್ತಿ ಬದುಗಳ ಆಚೆಗೂ ಬೀಸುವದು. ಗಾಳಿಯ ವೇಗವನ್ನು ಯಂತ್ರವಿಲ್ಲದೆಯೂ ಅಂದಾಜು ಮಾಡಬಹುದು. ಎಲೆಗಳೂ ಸಣ್ಣ ಕಡ್ಡಿಗಳೂ ಎಡೆಬಿಡದೆ ಅಲುಗುತ್ತಿದ್ದರೆ ವೇಗವು ತಾಸಿಗೆ ೧೨ರಿಂದ ೧೯ ಕಿಲೋಮೀಟರು. ಧೂಳೆದ್ದು ಸಣ್ಣ ಟೊಂಗೆಗಳು ತೂಗಿದರೆ ೨೦ರಿಂದ ೨೮. ಎಲೆಯುಳ್ಳ ಚಿಕ್ಕ ಗಿಡಗಳೇ ಓಲಾಡಿದರೆ ೨೯ರಿಂದ ೩೮. ಯಂತ್ರಗಳು ಬರುವ ಮೊದಲು ಕಣದಲ್ಲಿ ರಾಶಿ ತೂರಿದ ಹಿರಿಯರು ಒಳ್ಳೆಯ ಗಾಳಿಗಾಗಿ ಕಾದು ನಿಲ್ಲುತ್ತಿದ್ದರು. ಹೊಟ್ಟನ್ನು ದೂರ ಒಯ್ಯುವ ಆ ಗಾಳಿಯು ಕಿಡಿಯನ್ನೂ ಅಷ್ಟೇ ದೂರ ಒಯ್ಯುವದು. ತೂರಲು ತಕ್ಕ ಗಾಳಿಯಿದ್ದ ದಿನ ಹೊಲದಲ್ಲಿ ಬೆಂಕಿಯನ್ನು ಮಾಡಕೂಡದೆಂಬುದನ್ನು ನಿಯಮವಾಗಿ ಇಟ್ಟುಕೊಳ್ಳಬಹುದು.

ಗಾಳಿಯು ದಿಕ್ಕು ಬದಲಿಸುವದು ಇನ್ನೂ ಅಪಾಯಕರ. ಚಳಿಗಾಲದಲ್ಲಿ ನಮ್ಮಲ್ಲಿ ಒಣ ಮೂಡಗಾಳಿಯು ಬೀಸುವದು. ಬೇಸಗೆಯು ಬಲಿತಂತೆ ಪಡುವಣ ಗಾಳಿಯು ಮೇಲುಗೈಯಾಗುವದು. ಏಪ್ರಿಲ್, ಮೇ ತಿಂಗಳ ಸಂಜೆ ಗುಡುಗಿನ ಮೋಡಗಳು ಕವಿದಾಗ ಮಳೆಗಿಂತ ಮುಂಚೆ ಬಿರುಗಾಳಿಯು ಯಾವ ದಿಕ್ಕಿನಿಂದಲಾದರೂ ನುಗ್ಗಬಹುದು. ಅಷ್ಟುಹೊತ್ತು ಉದ್ದಕ್ಕೆ, ಇಕ್ಕಟ್ಟಾಗಿ ಸಾಗುತ್ತಿದ್ದ ಬೆಂಕಿಯ ಪಕ್ಕವೇ ಆಗ ಮುಖವಾಗಿ ಅಗಲಕ್ಕೆ ಹರಡುವದು. ಪಕ್ಕದಲ್ಲಿ ನಿಂತು ನಂದಿಸುತ್ತಿದ್ದವರು ಅದರ ಎದುರಿಗೆ ಸಿಕ್ಕುವರು.

ನಾಲ್ಕನೆಯ ಕುರುಹು: ಉರುವಲೂ ನೆಲದ ಇಳಿಜಾರೂ

ಹವೆಯು ಎಷ್ಟು ಕೆಟ್ಟದ್ದಿದ್ದರೂ ಉರಿಯತಕ್ಕದ್ದಿಲ್ಲದಿದ್ದರೆ ಬೆಂಕಿಯಿಲ್ಲ. ಅಣ್ಣಿಗೇರಿ, ನವಲಗುಂದಗಳ ಕಡೆಗೆ ಕಡಲೆಯನ್ನು ಕಿತ್ತು ಕುಂಟೆ ಹೊಡೆದ ಹೊಲವು ಬೆಂಕಿಗೆ ಗೋಡೆಯಿದ್ದಂತೆ. ಆದರೆ ಗೋದಿ, ಜೋಳಗಳ ಕೂಳೆ, ಕುಸುಬಿಯ ಕಡ್ಡಿ, ಹತ್ತಿಯ ಕಟ್ಟಿಗೆ, ಹುಲ್ಲು ಬೆಳೆದ ಬದುಗಳು ಅದಕ್ಕೆ ದಾರಿಗಳಾಗುವವು. ಕಲಘಟಗಿಯ ಕಡೆಯಲ್ಲಿ ಕಬ್ಬಿನ ರವದಿಯೂ ಅಡವಿಯ ತರಗೆಲೆಯೂ ಒಂದಕ್ಕೊಂದು ತಾಗಿದರೆ, ಹೊಲದಲ್ಲಿ ಹಚ್ಚಿದ ಬೆಂಕಿಯು ಅಡವಿಗೂ, ಅಡವಿಯ ಬೆಂಕಿಯು ಹೊಲಕ್ಕೂ ದಾಟುವದು. ಗುಡ್ಡದ ಏರಿನಲ್ಲಿ ಉರಿಯು ಮೇಲಿನ ಹುಲ್ಲಿಗೆ ಹತ್ತಿರವಾಗುವದರಿಂದ ಅದರ ಓಟವು ಹೆಚ್ಚು. ಇಳಿಜಾರು ೧೦ ಅಂಶ ಹೆಚ್ಚಿದಂತೆಲ್ಲ ಮೇಲಕ್ಕೇರುವ ಬೆಂಕಿಯ ವೇಗವು ಸುಮಾರು ಇಮ್ಮಡಿಯಾಗುವದೆಂದು ಅನುಭವಿಗಳು ಲೆಕ್ಕ ಹಾಕಿರುವರು.

ನಾಲ್ಕೂ ಕೂಡಿದಾಗ

ಈ ಕುರುಹುಗಳಲ್ಲಿ ಒಂದೊಂದೇ ಬಂದರೆ ಅಷ್ಟು ಭಯವಿಲ್ಲ; ಒಂದೇ ದಿನ ಕೂಡಿದಾಗ ಅನಾಹುತವಾಗುವದು. ಕೆನಡಾ ದೇಶದ ಅರಣ್ಯ ಶಾಸ್ತ್ರಜ್ಞರು ಸುಮಾರು ೧೯೭೦ರಿಂದ ಪ್ರತಿ ಮಧ್ಯಾಹ್ನ ಉಷ್ಣಮಾನ, ಆರ್ದ್ರತೆ, ಗಾಳಿಯ ವೇಗ, ಹಿಂದಿನ ೨೪ ತಾಸುಗಳ ಮಳೆ ಈ ನಾಲ್ಕನ್ನು ಅಳೆದು ಆ ದಿನದ ಬೆಂಕಿಯ ಭಯವನ್ನು ಅಂಕೆಯಲ್ಲಿ ಹೇಳುವ ಪದ್ಧತಿಯನ್ನು ನಡೆಸುತ್ತಿರುವರು. ಹಲವು ದೇಶಗಳು ಅದನ್ನು ಅನುಸರಿಸಿವೆ. ನೆನಪಿಗೆ ಸುಲಭವಾದ ಇನ್ನೊಂದು ಸೂತ್ರವೂ ಉಂಟು: ಉಷ್ಣಮಾನವು ೩೦ ಅಂಶಕ್ಕೆ ಮೇಲೆ, ಆರ್ದ್ರತೆಯು ಶೇಕಡಾ ೩೦ಕ್ಕೆ ಕೆಳಗೆ, ಗಾಳಿಯು ತಾಸಿಗೆ ೩೦ ಕಿಲೋಮೀಟರಿಗೆ ಮೇಲೆ ಇದ್ದ ದಿನ ಬೆಂಕಿಯು ಕೈಮೀರುವ ದಿನ. ಇವುಗಳಲ್ಲಿ ಮೊದಲಿನ ಎರಡು ನಮ್ಮ ಸೀಮೆಯ ಮಾರ್ಚ್, ಏಪ್ರಿಲ್ ಮಧ್ಯಾಹ್ನಗಳಲ್ಲಿ ಸಾಮಾನ್ಯವಾಗಿಯೇ ಒದಗುವವು. ಗಾಳಿಯೊಂದು ಬರುವದಷ್ಟೇ ಉಳಿದಿರುವದು.

ನಮ್ಮ ನಾಡಿನ ಉದಾಹರಣೆಗಳೂ ಇದನ್ನೇ ಹೇಳುವವು. ೨೦೧೯ರ ಫೆಬ್ರುವರಿಯಲ್ಲಿ ಬಂಡೀಪುರದ ಅಡವಿಗೆ ಬಿದ್ದ ಬೆಂಕಿಯು ಗೋಪಾಲಸ್ವಾಮಿ ಬೆಟ್ಟ, ಕುಂದಕೆರೆ ವಲಯಗಳಲ್ಲಿ ಹರಡಿತು. ಉಪಗ್ರಹದ ಚಿತ್ರಗಳಿಂದ ಲೆಕ್ಕ ಹಾಕಿದಂತೆ ಸುಮಾರು ೧೧,೦೦೦ ಎಕರೆ ಸುಟ್ಟಿತು. ಅದನ್ನು ನಂದಿಸಲು ವಾಯುದಳದ ಹೆಲಿಕಾಪ್ಟರುಗಳು ನೀರನ್ನು ಸುರಿಯಬೇಕಾಯಿತು. ೨೦೨೩ರ ಫೆಬ್ರುವರಿಯ ಸರಾಸರಿ ಗರಿಷ್ಠ ಉಷ್ಣಮಾನವು ೧೯೦೧ರಿಂದೀಚೆಗೆ ಭಾರತದಲ್ಲಿ ಆ ತಿಂಗಳಿನ ಮಟ್ಟಿಗೆ ಎಲ್ಲಕ್ಕಿಂತ ಹೆಚ್ಚಿನದಾಗಿತ್ತು. ಅದರ ಬೆನ್ನಿಗೆ ಮಾರ್ಚ್ ತಿಂಗಳಲ್ಲಿ ಗೋವೆಯ ಮಹಾದಾಯಿ ಅಭಯಾರಣ್ಯದಲ್ಲಿ ಹಲವು ದಿನ ಬೆಂಕಿಯು ಉರಿಯಿತು. ನೆರೆಯ ಗದಗ ಜಿಲ್ಲೆಯ ಕಪ್ಪತಗುಡ್ಡದಲ್ಲಿ ಹುಲ್ಲೂ ಗಾಳಿಯೂ ಹೇರಳವಾಗಿದ್ದು, ಬೇಸಗೆಯ ಬೆಂಕಿಯು ಅಲ್ಲಿ ಪದೇಪದೇ ಕಾಣಿಸಿಕೊಂಡಿದೆ.

ಮಾಡತಕ್ಕ ಕೆಲಸಗಳು

೧. ಬಣವಿಯನ್ನು ಮನೆಗಳಿಗೂ ವಿದ್ಯುತ್ ತಂತಿಗಳಿಗೂ ದೂರವಾಗಿ ಒಟ್ಟಬೇಕು. ಇರುವ ಮೇವನ್ನೆಲ್ಲ ಒಂದೇ ಬಣವಿ ಮಾಡದೆ ಎರಡು ಮೂರು ಮಾಡಿ, ನಡುವೆ ಅರವತ್ತು ಅಡಿಯಷ್ಟಾದರೂ ತೆರಪು ಬಿಡುವದು ಲೇಸು. ಒಂದು ಹೋದರೂ ಇನ್ನೊಂದು ದನಗಳನ್ನು ಕಾಯುವದು. ಸುತ್ತಲೂ ಹತ್ತು ಹನ್ನೆರಡು ಅಡಿ ಅಗಲ ಕುಂಟೆ ಹೊಡೆದು ನೆಲವನ್ನು ಬರಿದು ಮಾಡಬೇಕು.

೨. ಜೋತುಬಿದ್ದ ತಂತಿಗಳು ಗಾಳಿಗೆ ಒಂದಕ್ಕೊಂದು ತಾಗಿ ಕಿಡಿಯುದುರಿಸುವವು. ಕಂಡ ಕೂಡಲೆ ಹುಬ್ಬಳ್ಳಿಯ ವಿದ್ಯುತ್ ಸರಬರಾಜು ಕಂಪನಿಗೆ ೧೯೧೨ ಸಂಖ್ಯೆಯ ಮೂಲಕ ತಿಳಿಸಬೇಕು.

೩. ಒಲೆಯ ಬೂದಿಯನ್ನು ನೀರು ಹಾಕಿ ನಂದಿಸದೆ ತಿಪ್ಪೆಗೆ ಚೆಲ್ಲಬಾರದು. ಮೇಲೆ ತಣ್ಣಗೆ ಕಾಣುವ ಬೂದಿಯೊಳಗಿನ ಕೆಂಡವು ಮಧ್ಯಾಹ್ನದ ಗಾಳಿಗೆ ಮತ್ತೆ ಕಣ್ಣು ಬಿಡುವದು.

೪. ಹೊಲದಲ್ಲಿ ಸೀತನಿ ಸುಟ್ಟು ತಿನ್ನುವದು ನಮ್ಮ ಸೀಮೆಯ ಸೊಗಸಾದ ರೂಢಿ. ತಿಂದು ಎದ್ದ ಮೇಲೆ ಕುಳ್ಳಿನ ಕೆಂಡದ ಮೇಲೆ ಕೊಡ ನೀರು ಸುರಿದು, ಮಣ್ಣು ಮುಚ್ಚಿ ಬರಬೇಕು.

೫. ಹೋಳಿಯು ಬರುವದು ಹುಲ್ಲು ಪೂರ್ತಿ ಒಣಗಿದ ಕಾಲದಲ್ಲಿ. ರಾಮಲಿಂಗ ಕಾಮಣ್ಣನಿಂದ ನಾಡೆಲ್ಲ ಹೆಸರಾದ ನವಲಗುಂದದಲ್ಲಿಯೂ, ಸುತ್ತಲಿನ ಹಳ್ಳಿಗಳಲ್ಲಿಯೂ ಕಾಮದಹನದ ಸ್ಥಳವನ್ನು ಬಣವಿಗಳ ಮೇಲುಗಾಳಿಗೆ ಇರದಂತೆ ಆರಿಸಿ, ನೀರು ತುಂಬಿದ ಕೊಡಗಳನ್ನು ಮಗ್ಗುಲಲ್ಲಿಟ್ಟು, ಕೆಂಡವು ಆರುವವರೆಗೆ ಓಣಿಯ ಇಬ್ಬರು ಹಿರಿಯರು ಕಾಯುವ ಏರ್ಪಾಡು ಮಾಡಬೇಕು.

೬. ಕೂಳೆ, ರವದಿ, ಹತ್ತಿಕಟ್ಟಿಗೆಗಳನ್ನು ಹೊಲದಲ್ಲಿ ಸುಡುವದನ್ನು ಬಿಡಬೇಕು. ನೆಲಕ್ಕೆ ಗೊಬ್ಬರವಾಗಬೇಕಾದದ್ದು ಅದರಿಂದ ಹೊಗೆಯಾಗಿ ಹೋಗುವದಲ್ಲದೆ, ನೆರೆಯವನ ಬಣವಿಗೂ ಅಪಾಯವಾಗುವದು. ಅಡವಿಗೆ ಬೆಂಕಿಯಿಡುವದು ೧೯೬೩ರ ಕರ್ನಾಟಕ ಅರಣ್ಯ ಅಧಿನಿಯಮದ ಪ್ರಕಾರ ಅಪರಾಧವಾಗಿದೆ. ಹೊಸ ಹುಲ್ಲು ಚಿಗುರಲೆಂದು ಗುಡ್ಡಕ್ಕೆ ಕಿಚ್ಚಿಡುವವರು ಚಿಗುರಿನ ಜೊತೆಗೆ ಮುಂದಿನ ಸಸಿಗಳನ್ನೂ ಕಳೆದುಕೊಳ್ಳುವರು.

೭. ಕಲಘಟಗಿಯ ಅಡವಿಯಂಚಿನ ಹೊಲಗಳವರು ಬೇಸಗೆಗೆ ಮುಂಚೆಯೇ ಹೊಲಕ್ಕೂ ಅಡವಿಗೂ ನಡುವಿನ ತಮ್ಮ ನೆಲದಲ್ಲಿ ರೆಂಟೆ ಹೊಡೆದು ಹುಲ್ಲನ್ನು ತೆಗೆಯಬೇಕು. ಅರಣ್ಯದವರು ಬೆಂಕಿರೇಖೆ ಮಾಡುವಾಗ ಊರವರು ನೆರವಾದರೆ ಇಬ್ಬರಿಗೂ ಹಿತ.

ಬೆಂಕಿಯು ಕಂಡಾಗ

ಮೊದಲು ೧೧೨ಕ್ಕೆ ತಿಳಿಸಿ, ಊರಿನ ಹೆಸರನ್ನೂ ದಾರಿಯ ಗುರುತನ್ನೂ ಹೇಳಬೇಕು. ಮಕ್ಕಳನ್ನೂ ಮುದುಕರನ್ನೂ ದೂರ ಕಳಿಸಿ, ದನಗಳ ಹಗ್ಗಗಳನ್ನು ಬಿಚ್ಚಬೇಕು. ಬೆಂಕಿಯ ಎದುರಿಗೆ, ಅಂದರೆ ಗಾಳಿಯು ಹೋಗುವ ಕಡೆಗೆ, ಯಾರೂ ನಿಲ್ಲಬಾರದು; ಗುಡ್ಡದಲ್ಲಿ ಬೆಂಕಿಗಿಂತ ಮೇಲಕ್ಕೆ ಹೋಗಬಾರದು. ಸಣ್ಣ ಬೆಂಕಿಯಿದ್ದರೆ ಗಾಳಿಯು ಬರುವ ಕಡೆಯಿಂದ, ಸುಟ್ಟ ನೆಲವನ್ನು ಬೆನ್ನಿಗಿಟ್ಟುಕೊಂಡು, ಹಸಿ ಟೊಂಗೆಯಿಂದ ಬಡಿದು ಮಣ್ಣೆರಚಬೇಕು. ಬಣವಿಗೆ ಹತ್ತಿದ ಉರಿಯನ್ನು ಕೊಡಗಳ ನೀರಿನಿಂದ ಆರಿಸುವದು ಬಹಳ ಕಷ್ಟ. ಕೆರೆಯ ನೀರನ್ನೇ ನೆಚ್ಚಿದ ನವಲಗುಂದದಂಥ ಸೀಮೆಯಲ್ಲಿ ಇರುವ ನೀರನ್ನು ಪಕ್ಕದ ಬಣವಿ, ಮನೆಗಳನ್ನು ತೋಯಿಸಲು ಉಪಯೋಗಿಸುವದೇ ಜಾಣತನ.

ಹವೆಯ ಸುದ್ದಿಯು ಈಗ ಹಳ್ಳಿಗೂ ಸುಲಭವಾಗಿ ಮುಟ್ಟುವದು. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಹೋಬಳಿಗಳಲ್ಲಿ ಹವಾಮಾನದ ಯಂತ್ರಗಳನ್ನೂ ಗ್ರಾಮ ಪಂಚಾಯತಿಗಳಲ್ಲಿ ಮಳೆಮಾಪಕಗಳನ್ನೂ ನಿಲ್ಲಿಸಿದೆ. ಭಾರತೀಯ ಅರಣ್ಯ ಸರ್ವೇಕ್ಷಣ ಸಂಸ್ಥೆಯು ೨೦೦೪ರಿಂದ ಉಪಗ್ರಹಗಳ ನೆರವಿನಿಂದ ಅಡವಿಯ ಬೆಂಕಿಯನ್ನು ಗುರುತಿಸಿ ಅರಣ್ಯದವರಿಗೆ ತಿಳಿಸುತ್ತ ಬಂದಿದೆ. ಆದರೆ ಉಪಗ್ರಹವು ಕಾಣುವದು ಹೊತ್ತಿದ ಬೆಂಕಿಯನ್ನು. ಹೊತ್ತುವ ದಿನವನ್ನು ಮೊದಲೇ ಕಾಣಬಲ್ಲವನು ಹೊಲದಲ್ಲಿರುವ ಒಕ್ಕಲಿಗನೇ. ಆದುದರಿಂದ ಮಾಘ ಕಳೆದ ಮೇಲೆ ಪ್ರತಿ ಮುಂಜಾನೆ ಮನೆಯಿಂದ ಹೊರಡುವಾಗ ಈ ನಾಲ್ಕನ್ನು ಕೇಳಿಕೊಳ್ಳಬೇಕು: ಮಳೆಯಾಗಿ ಎಷ್ಟು ದಿನವಾಯಿತು? ಗರಿಯು ಮುಷ್ಟಿಯಲ್ಲಿ ಪುಡಿಯಾಗುವದೋ? ಗಾಳಿಯು ಯಾವ ಕಡೆಯಿಂದ ಎಷ್ಟು ಬಲವಾಗಿದೆ? ನನ್ನ ಬಣವಿಯ ಸುತ್ತ ನೆಲವು ಬರಿದಾಗಿದೆಯೋ? ಉತ್ತರಗಳು ಕೆಟ್ಟವಾಗಿದ್ದ ದಿನ ಕಡ್ಡಿಪೆಟ್ಟಿಗೆಯನ್ನು ಮನೆಯಲ್ಲಿಯೇ ಬಿಟ್ಟು ಹೊಲಕ್ಕೆ ಹೋಗತಕ್ಕದ್ದು.