ತಡವಾದ ರಿಟರ್ನ್: ಟಿಡಿಎಸ್ ಹಣ ಕೈಬಿಡಬೇಡಿ

ಮುಂಬಯಿಯ ಹೋಟೆಲು, ಕ್ಯಾಂಟೀನುಗಳಲ್ಲಿ ದುಡಿದು ನಿವೃತ್ತರಾದ ನಮ್ಮವರಲ್ಲಿ ಅನೇಕರ ಉಳಿತಾಯವೆಲ್ಲ ಬ್ಯಾಂಕಿನ ಠೇವಣಿಯಲ್ಲೇ ಇರುತ್ತದೆ. ಬಡ್ಡಿಯಿಂದ ಶೇ. 10 ಟಿಡಿಎಸ್ ಕಡಿತವಾದರೂ, "ನನಗೆ ತೆರಿಗೆಯೇ ಇಲ್ಲ, ರಿಟರ್ನ್ ಯಾಕೆ ಮಾರಾಯ್ರೆ?" ಎಂದು ಕೌಂಟರಿನಲ್ಲಿ ಕೇಳುವವರುಂಟು. ತೆರಿಗೆ ಇಲ್ಲದಿದ್ದರೂ ಕಡಿತವಾದ ಹಣ ಮರಳಬೇಕಾದರೆ ರಿಟರ್ನ್ ಸಲ್ಲಿಸಲೇಬೇಕು.

2024-25ರ ಆದಾಯಕ್ಕೆ ಕೊನೆಯ ದಿನ 2025ರ ಸೆಪ್ಟೆಂಬರ್ 16 ಆಗಿತ್ತು; ವಿಳಂಬ ರಿಟರ್ನಿಗೆ ಡಿಸೆಂಬರ್ 31ರ ತನಕ ಅವಕಾಶವಿತ್ತು. ಅದೂ ತಪ್ಪಿದರೆ 2022ರಲ್ಲಿ ಜಾರಿಗೆ ಬಂದ 'ಅಪ್‌ಡೇಟೆಡ್ ರಿಟರ್ನ್' ಇದೆಯಲ್ಲ ಎನ್ನುತ್ತಾರೆ. ಅದು ಬಾಕಿ ತೆರಿಗೆ ಕಟ್ಟುವವರಿಗೆ. ಅದರಲ್ಲಿ ರಿಫಂಡ್ ಕೇಳುವಂತಿಲ್ಲ. ಇದು ಬಹಳ ಮಂದಿಗೆ ತಿಳಿದಿಲ್ಲ.

ಹಾಗೆಂದು ಹಣ ಹೋಯಿತೆಂದು ಕೂರಬೇಕಾಗಿಲ್ಲ. ವಿಳಂಬ ಮನ್ನಿಸುವಂತೆ ಇಲಾಖೆಗೆ ಅರ್ಜಿ ಹಾಕಬಹುದು. ಕೇಂದ್ರ ನೇರ ತೆರಿಗೆ ಮಂಡಳಿಯ 2024ರ ಅಕ್ಟೋಬರ್ 1ರ ಸುತ್ತೋಲೆಯಂತೆ, ಅಸೆಸ್‌ಮೆಂಟ್ ವರ್ಷ ಮುಗಿದ ಬಳಿಕ 5 ವರ್ಷದೊಳಗೆ ಅರ್ಜಿ ಬರಬೇಕು. ಕಾರಣ ನಿಜವಾಗಿರಬೇಕು. ಕಾಯಿಲೆಯಿಂದ ತಡವಾಗಿದ್ದರೆ ಆಸ್ಪತ್ರೆಯ ಕಾಗದ ಜೋಡಿಸಿ. ತಡವಾಗಿ ಸಿಗುವ ರಿಫಂಡಿಗೆ ಬಡ್ಡಿ ಇಲ್ಲ, ಅಸಲು ಬಂದರೆ ಸಾಕಲ್ಲ! ಮೊದಲು ಪ್ಯಾನ್ ನಂಬರಿನಡಿ ಎಷ್ಟು ಕಡಿತವಾಗಿದೆಯೆಂದು ಫಾರ್ಮ್ 26ಎಎಸ್ ತೆಗೆಸಿ ನೋಡಿ. ರಿಫಂಡ್ ಜಮೆಯಾಗಬೇಕಾದ ಖಾತೆಯನ್ನು ಇಲಾಖೆಯ ಪೋರ್ಟಲ್‌ನಲ್ಲಿ ದೃಢೀಕರಿಸಿಕೊಳ್ಳಿ.