ಹಾಡದೆ ಕಲಿತ ಗಾಯಕ ಕುಮಾರ ಗಂಧರ್ವ

ಗದಗ ಸೀಮೆಯ ಮಕ್ಕಳಿಗೆ ಹಿಂದೂಸ್ತಾನಿ ಸಂಗೀತ ಹೊಸದೇನಲ್ಲ. ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರಿ ಗವಾಯಿಗಳೂ ಪುಟ್ಟರಾಜ ಗವಾಯಿಗಳೂ ಬೆಳೆಸಿದ ಪರಂಪರೆ ನಮ್ಮ ಅಂಗಳದಲ್ಲೇ ಇದೆ. ಭೀಮಸೇನ ಜೋಶಿಯವರೂ ಇದೇ ನೆಲದವರು. ಆದರೆ ನಮ್ಮ ವಿದ್ಯಾರ್ಥಿಗಳು ಅಷ್ಟಾಗಿ ಕೇಳಿರದ ಇನ್ನೊಂದು ಹೆಸರಿದೆ. ಅದು ಕುಮಾರ ಗಂಧರ್ವರದು. 1924ರ ಏಪ್ರಿಲ್ 8ರಂದು ಬೆಳಗಾವಿ ಹತ್ತಿರದ ಸುಳೇಭಾವಿಯಲ್ಲಿ ಜನಿಸಿದ ಇವರ ನಿಜನಾಮ ಶಿವಪುತ್ರಯ್ಯ ಕೊಂಕಾಳಿಮಠ. ಸಂಗೀತವನ್ನು ಪ್ರಯೋಗಶಾಲೆಯಂತೆ ಕಂಡ ಗಾಯಕ ಇವರು.

ಅನುಕರಣೆಯಿಂದ ಆರಂಭ

ಬಾಲಕ ಶಿವಪುತ್ರ ದೊಡ್ಡ ಗಾಯಕರ ಗ್ರಾಮಫೋನ್ ತಟ್ಟೆಗಳನ್ನು ಕೇಳಿ, ಅವರಂತೆಯೇ ಹಾಡಿ ತೋರಿಸುತ್ತಿದ್ದ. ಆ ಬೆರಗಿನಿಂದಲೇ ‘ಕುಮಾರ ಗಂಧರ್ವ’ ಎಂಬ ಬಿರುದು ಬಂತು. ಮುಂದೆ ಮುಂಬಯಿಯಲ್ಲಿ ಬಿ.ಆರ್. ದೇವಧರ್ ಅವರ ಸಂಗೀತ ಶಾಲೆ ಸೇರಿದ. ದೇವಧರರು ಒಂದೇ ಘರಾಣೆಗೆ ಕಟ್ಟುಬಿದ್ದವರಲ್ಲ. ಎಲ್ಲ ಘರಾಣೆಗಳ ಒಳ್ಳೆಯದನ್ನೂ ಕೇಳಬೇಕು, ಯಾಕೆ ಎಂದು ಪ್ರಶ್ನಿಸಬೇಕು ಎಂಬುದು ಅವರ ಪಾಠಕ್ರಮ. ಇಪ್ಪತ್ತು ತುಂಬುವ ಮೊದಲೇ ಕುಮಾರರು ಅದೇ ಶಾಲೆಯಲ್ಲಿ ಪಾಠ ಹೇಳತೊಡಗಿದರು.

ರೋಗ ತಂದ ಮೌನ

ಕೀರ್ತಿ ಏರುತ್ತಿದ್ದಾಗಲೇ ಕ್ಷಯರೋಗ ಬಂದೆರಗಿತು. ಹಾಡುವುದು ಹಾಗಿರಲಿ, ಬದುಕುವುದೇ ಸಂಶಯವಾಗಿದ್ದ ಕಾಲ ಅದು. ಒಣ ಹವೆಗಾಗಿ 1948ರಲ್ಲಿ ಮಧ್ಯಪ್ರದೇಶದ ಮಾಳವ ಸೀಮೆಯ ದೇವಾಸಕ್ಕೆ ಬಂದರು. ಹಾಡಕೂಡದು ಎಂದು ವೈದ್ಯರ ಕಟ್ಟಪ್ಪಣೆ. ಹಾಸಿಗೆ ಹಿಡಿದ ಗಂಡನನ್ನು ಪತ್ನಿ ಭಾನುಮತಿ ಜೋಪಾನ ಮಾಡಿದರು.

ಅವರನ್ನು ಉಳಿಸಿದ್ದು ಸ್ಟ್ರೆಪ್ಟೊಮೈಸಿನ್. ಮಣ್ಣಿನ ಸೂಕ್ಷ್ಮಜೀವಿಯಿಂದ 1943ರಲ್ಲಿ ಅಮೆರಿಕದಲ್ಲಿ ಕಂಡುಹಿಡಿದ ಈ ಔಷಧ ಆಗಷ್ಟೇ ಭಾರತಕ್ಕೆ ಬರತೊಡಗಿತ್ತು. ಇದರ ಶೋಧಕ್ಕಾಗಿ ವ್ಯಾಕ್ಸ್‌ಮನ್ ಅವರಿಗೆ 1952ರಲ್ಲಿ ನೊಬೆಲ್ ಬಹುಮಾನ ಬಂತು. ಮರುವರ್ಷ, 1953ರಲ್ಲಿ, ಕುಮಾರರು ಮತ್ತೆ ವೇದಿಕೆ ಏರಿದರು. ಆದರೆ ಒಂದು ಶ್ವಾಸಕೋಶ ಕೆಟ್ಟುಹೋಗಿತ್ತು.

ಕಿವಿಯೇ ಪ್ರಯೋಗಶಾಲೆ

ಹಾಡದ ಆ ವರ್ಷಗಳು ವ್ಯರ್ಥವಾದವೇ? ಇಲ್ಲ. ಗಂಟಲಿಗೆ ಬಿಡುವು ಸಿಕ್ಕಾಗ ಕಿವಿ ದುಡಿಯಿತು. ಮಾಳವದ ಹೆಂಗಸರು ಮದುವೆ ಮುಂಜಿಗಳಲ್ಲಿ ಹಾಡುವ ಪದಗಳು, ನಾಥಪಂಥದ ಜೋಗಿಗಳ ಕಬೀರ ಭಜನೆಗಳು ಅವರ ಕಿವಿಗೆ ಬಿದ್ದವು. ಜನಪದ ಧಾಟಿಗಳನ್ನು ಸ್ವರಲಿಪಿಯಲ್ಲಿ ಬರೆದಿಟ್ಟರು, ಒಂದಕ್ಕೊಂದು ಹೋಲಿಸಿ ನೋಡಿದರು. ನಾಲ್ಕೈದು ಸ್ವರಗಳ ಸಣ್ಣ ಧಾಟಿಯೊಳಗೆ ರಾಗದ ಬೀಜ ಅಡಗಿದೆ ಎಂಬ ನಿರ್ಣಯಕ್ಕೆ ಬಂದರು.

ಗಮನಿಸಿ, ಇದು ವಿಜ್ಞಾನದ ದಾರಿಯೇ. ಮೊದಲು ವೀಕ್ಷಣೆ, ಆಮೇಲೆ ದಾಖಲೆ, ಬಳಿಕ ಊಹೆ, ಕೊನೆಗೆ ಪರೀಕ್ಷೆ. ಪರೀಕ್ಷೆ ಎಂದರೆ ಆ ಬೀಜದಿಂದ ಹೊಸ ರಾಗ ಬೆಳೆಸಿ ಹಾಡುವುದು. ಸಂಜಾರಿ, ಮಾಲವತಿ, ಲಗನ್ ಗಂಧಾರ್ ಮೊದಲಾದವು ಹೀಗೆ ಹುಟ್ಟಿದವು. ಗಾಂಧೀಜಿ ಜನ್ಮಶತಾಬ್ದಿಗೆ ಗಾಂಧಿ ಮಲ್ಹಾರ್ ರಚಿಸಿದರು. ತಮ್ಮ ರಚನೆಗಳನ್ನು 1965ರ ‘ಅನೂಪ್ ರಾಗ ವಿಲಾಸ್’ ಗ್ರಂಥದಲ್ಲಿ ಕೊಟ್ಟರು. ಸಂಪ್ರದಾಯ ಮುರಿದರೆಂದು ಕೆಲವರು ಟೀಕಿಸಿದರು. ಅವರು ಹಾಡುತ್ತಲೇ ಉತ್ತರ ಕೊಟ್ಟರು.

ಉಸಿರಿನ ಲೆಕ್ಕ

ನಾವು ಸುಮ್ಮನೆ ಕುಳಿತಾಗ ಒಂದು ಉಸಿರಿಗೆ ಸುಮಾರು ಅರ್ಧ ಲೀಟರ್ ಗಾಳಿ ಒಳಹೋಗುತ್ತದೆ. ಆರೋಗ್ಯವಂತ ವಯಸ್ಕರು ಪೂರ್ತಿ ಉಸಿರೆಳೆದು ಬಿಟ್ಟರೆ ನಾಲ್ಕೈದು ಲೀಟರ್ ಆದೀತು. ಸ್ವರ ಎಂದರೆ ಈ ಗಾಳಿ ಧ್ವನಿತಂತುಗಳನ್ನು ನಡುಗಿಸಿದ ಫಲ. ಗಾಳಿ ಕಡಿಮೆಯಾದರೆ ಉದ್ದದ ತಾನು ಒಂದೇ ಉಸಿರಿಗೆ ನಿಲ್ಲದು. ಕುಮಾರರ ಗಾಯನದಲ್ಲಿ ಚಿಕ್ಕ ಚಿಕ್ಕ ಸ್ವರಗುಚ್ಛಗಳಿವೆ. ನಡುವೆ ಮೌನ, ಆಮೇಲೆ ಮಿಂಚಿನಂತೆ ಎರಗುವ ತಾರಸ್ವರ. ಕೊರತೆಯೇ ಶೈಲಿಯಾಯಿತೆಂದು ಹಲವರು ಹೇಳುತ್ತಾರೆ. ಅದು ಅರ್ಧ ಸತ್ಯ ಮಾತ್ರ. ರೋಗ ಯಾರಿಗೂ ಕಲೆ ಕೊಡುವುದಿಲ್ಲ. ಯಾವ ಸ್ವರಕ್ಕೆ ಎಷ್ಟು ಉಸಿರು ಸಾಕೆಂಬ ವಿವೇಕ ಬಂದದ್ದು ವರ್ಷಗಟ್ಟಲೆ ಕಿವಿಗೊಟ್ಟಿದ್ದರಿಂದ.

1990ರಲ್ಲಿ ಪದ್ಮವಿಭೂಷಣ ಅವರಿಗೆ ಸಂದಿತು. 1992ರ ಜನವರಿ 12ರಂದು ದೇವಾಸದಲ್ಲಿ ತೀರಿಕೊಂಡರು.

ನಮಗೇನು ಪಾಠ?

ಪಾಲಕರಿಗೆ ಎರಡು ಮಾತು. ಒಂದು, ವಾರಗಟ್ಟಲೆ ಕೆಮ್ಮು ನಿಲ್ಲದಿದ್ದರೆ ಮುಚ್ಚಿಡಬೇಡಿ. ಇಂದು ಸಾಮಾನ್ಯ ಕ್ಷಯಕ್ಕೆ ಆರು ತಿಂಗಳ ಔಷಧ ಸರಕಾರಿ ಆಸ್ಪತ್ರೆಯಲ್ಲಿ ಉಚಿತವಾಗಿ ಸಿಗುತ್ತದೆ, ನಡುವೆ ಬಿಡಬಾರದಷ್ಟೆ. ಎರಡು, ಕಾಯಿಲೆಯಿಂದಲೋ ನಪಾಸಿನಿಂದಲೋ ಮಗುವಿಗೆ ಒಂದು ವರ್ಷ ಹೋದರೆ ಬದುಕೇ ಹೋಯಿತೆಂದು ಹಣೆ ಬಡಿದುಕೊಳ್ಳಬೇಡಿ.

ವಿದ್ಯಾರ್ಥಿಗಳಿಗೊಂದು ಪ್ರಯೋಗ. ಹಿಟ್ಟಿನ ಗಿರಣಿ ಬಂದ ಮೇಲೆ ಮುಂಡರಗಿ, ಶಿರಹಟ್ಟಿ ಕಡೆಯ ಹಳ್ಳಿಗಳಲ್ಲೂ ಬೀಸುಕಲ್ಲಿನ ಪದಗಳು ಅಜ್ಜಿಯರ ನೆನಪಿನಲ್ಲಷ್ಟೇ ಉಳಿದಿವೆ. ನಿಮ್ಮ ಅಜ್ಜಿಯಿಂದ ಒಂದು ಪದ ಹೇಳಿಸಿ, ಮೊಬೈಲಿನಲ್ಲಿ ದಾಖಲಿಸಿ. ಹಾರ್ಮೋನಿಯಂ ಬಲ್ಲವರ ನೆರವಿನಿಂದ ಸ್ವರ ಬರೆಯಿರಿ. ಅದರಲ್ಲಿ ಎಷ್ಟು ಸ್ವರಗಳಿವೆ, ಎಣಿಸಿ. ದೇವಾಸದ ಆ ರೋಗಿಯೂ ಮಾಡಿದ್ದು ಮೊದಲಿಗೆ ಇಷ್ಟೇ.