ಉಕ್ಕು ಮತ್ತು ಹದ: ಮುಂಬಯಿಯಿಂದ ಒಂದು ಟಿಪ್ಪಣಿ

೧೭೯೫ರಲ್ಲಿ ಜಾರ್ಜ್ ಪಿಯರ್‌ಸನ್ ಲಂಡನ್ನಿನ ರಾಯಲ್ ಸೊಸೈಟಿಗೆ ಒಪ್ಪಿಸಿದ ಪ್ರಬಂಧದ ವಿಷಯ, ಮುಂಬಯಿಯಲ್ಲಿ ತಯಾರಾಗಿ ಅಲ್ಲಿ 'ವೂಟ್ಜ್' ಎನಿಸಿಕೊಳ್ಳುವ ಉಕ್ಕು. ಮಾದರಿಗಳನ್ನು ಕಳುಹಿಸಿದವನು ಮುಂಬಯಿಯಲ್ಲಿದ್ದ ವೈದ್ಯ ಹೆಲೆನಸ್ ಸ್ಕಾಟ್. 'ವೂಟ್ಜ್' ಎಂಬುದು ಕನ್ನಡ 'ಉಕ್ಕು' ಶಬ್ದದ ವಿಕೃತ ರೂಪವೆಂಬುದು ಬಹುಮಾನ್ಯ ಅಭಿಪ್ರಾಯ. ಮೂಸೆಯ ಉಕ್ಕಿನ ನೆಲೆಗಳಾದರೋ ದಕ್ಷಿಣದ ಒಳನಾಡಿನವು. ಚಿತ್ರದುರ್ಗ ಜಿಲ್ಲೆಯ ಗಟ್ಟಿಹೊಸಹಳ್ಳಿ ಅವುಗಳಲ್ಲೊಂದು. 'ಉಕ್ಕು' ಹೀಗೆ ಕಡಲು ದಾಟಿತು. ಅದರ ಒಡನಾಡಿ ಶಬ್ದವಾದ 'ಹದ' ಇಲ್ಲಿಯೇ ಉಳಿಯಿತು. ಕುಲುಮೆಯಲ್ಲಿ ಅದರ ಅರ್ಥವೇನೆಂದು ತಿಳಿಯಲು ಒಂದು ಉಳಿಯನ್ನು ಮಾಡಿ ನೋಡುವುದೇ ಲೇಸು.

ಇಂದಿನ ಮುಂಬಯಿಯಲ್ಲಿ ಇದಕ್ಕೆ ಒದಗುವುದು ಲಾರಿಯ ಹಳೆಯ ಕಮಾನುಪಟ್ಟಿ. ಕುರ್ಲಾದ ಮೋಟಾರು ಗುಜರಿಗಳಲ್ಲಿ ದೊರೆಯುತ್ತದೆ. ಅದರಲ್ಲಿ ಇಂಗಾಲ ಸುಮಾರು ಶೇ. ೦.೫ರಿಂದ ೦.೬. ದಾರೂಖಾನಾದ ಹಡಗುತಗಡು ಅಗ್ಗವಾದರೂ ಮೆದುಕಬ್ಬಿಣ; ಎಷ್ಟು ಕಾಯಿಸಿ ಅದ್ದಿದರೂ ಅಲಗಿಗೆ ಬೇಕಾದಷ್ಟು ಗಡಸಾಗದು. ಪಟ್ಟಿಯ ನಡುರಂಧ್ರದ ಸುತ್ತಲಿನ ಭಾಗವನ್ನು ಬಿಡತಕ್ಕದ್ದು. ಅಲ್ಲಿ ಕಣ್ಣಿಗೆ ಕಾಣದ ಬಿರುಕುಗಳಿರಬಹುದು. ನನ್ನ ಮೊದಲ ಉಳಿ ಎರಡನೆಯ ಪೆಟ್ಟಿಗೇ ಮುರಿದು, ಚೂರು ಹುಬ್ಬನ್ನು ಸೀಳಿತು. ಮುರಿದ ಮೈಯಲ್ಲಿ ತುಕ್ಕಿನ ಗೆರೆಯಿತ್ತು. ಹೊಸ ಮುರಿತಕ್ಕೆ ತುಕ್ಕು ಎಲ್ಲಿಂದ ಬಂದೀತು?

ಪಟ್ಟಿಯನ್ನು ಕೆಂಪಗೆ ಕಾಯಿಸಿ ಬೂದಿಯಲ್ಲಿ ಹುಗಿದು ಆರಿಸಿದರೆ ಅರಕ್ಕೆ ಬಗ್ಗುತ್ತದೆ. ರೂಪ ಕೊಟ್ಟ ಮೇಲೆ ಮತ್ತೆ ಕಾಯಿಸಬೇಕು. ಸುಮಾರು ೭೭೦ ಡಿಗ್ರಿ ಸೆಲ್ಸಿಯಸ್ಸಿಗೆ ಉಕ್ಕು ಅಯಸ್ಕಾಂತಕ್ಕೆ ಅಂಟದಾಗುತ್ತದೆ. ಅದಕ್ಕಿಂತ ಮೇಲೆ, ೮೩೦ರಿಂದ ೮೬೦ರ ನಡುವೆ, ತೆಗೆದು ಎಣ್ಣೆಯಲ್ಲಿ ಅದ್ದಬೇಕು. (ಎಣ್ಣೆ ಹೊತ್ತಿಕೊಂಡೀತು, ಮುಚ್ಚಳ ಕೈಯಳತೆಯಲ್ಲಿರಲಿ.) ಮರಾಠಿಯಲ್ಲಿ ಈ ಕ್ರಿಯೆ 'ಪಾಣೀ ದೇಣೇ', ನೀರು ಕೊಡುವುದು. ಈ ಪಟ್ಟಿಗಾದರೋ ನೀರು ಕೊಟ್ಟರೆ ಬಿರಿಯುವ ಭಯ. ಎಣ್ಣೆಯಿಂದ ಬಂದ ಉಳಿಯ ಮೇಲೆ ಅರ ಜಾರುತ್ತದೆ. ಕೈಜಾರಿ ಬಿದ್ದರೆ ಗಾಜಿನಂತೆ ಒಡೆದೀತು. ಇದು ಗಡಸು, ಹದವಲ್ಲ. ಮೈಯನ್ನು ಉಜ್ಜಿ ಬೆಳಗಿಸಿ, ಹಿಡಿಯ ಕಡೆಯಿಂದ ಮೆಲ್ಲಗೆ ಕಾಯಿಸಿದರೆ ಬಣ್ಣಗಳು ಅಲಗಿನತ್ತ ಹರಿಯುತ್ತವೆ: ೨೩೦ರ ಸುಮಾರಿಗೆ ಒಣಹುಲ್ಲಿನ ಹಳದಿ, ಬಳಿಕ ಕಂದು, ನೇರಳೆ, ೩೦೦ರ ಹತ್ತಿರ ನೀಲಿ. ಮರದ ಉಳಿಗೆ ಹಳದಿ ಸಾಕು. ಸುತ್ತಿಗೆಯ ಪೆಟ್ಟು ತಿನ್ನುವ ಚಾಣಕ್ಕೆ ನೇರಳೆ ಬೇಕು. ಗಡಸಿನಲ್ಲಿ ಒಂದಂಶವನ್ನು ಬಿಟ್ಟುಕೊಟ್ಟು ತಾಳಿಕೆಯನ್ನು ಪಡೆಯುವ ಈ ಎರಡನೆಯ ಕ್ರಿಯೆಗೇ 'ಹದ' ಶಬ್ದ ಸಲ್ಲತಕ್ಕದ್ದೆಂದು ನನ್ನ ಮತ. ಪಾಕಕ್ಕೂ ಮಣ್ಣಿಗೂ ನಾವು ಹೇಳುವ ಹದ ಇಂಥದೇ, ತಕ್ಕಲ್ಲಿ ನಿಲ್ಲಿಸುವುದು.

ಬಾಚಿಕಾಯಕದ ಬಸವಣ್ಣನ ಹೆಸರಿನಲ್ಲಿರುವ ಬಾಚಿಯನ್ನು ನಾವು ಸಂಕೇತವಾಗಿ ಬಲುಬೇಗ ಓದಿಬಿಡುತ್ತೇವೆ. ಅದರ ಅಲಗಿಗೆ ಯಾವ ಹದವೆಂದು ಕೇಳಿದವರು ವಿರಳ. ನನ್ನ ಎರಡನೆಯ ಉಳಿ ಈಗಲೂ ಕೆಲಸಕ್ಕಿದೆ. ಇಲ್ಲಿಯ ಮಳೆಗಾಲದಲ್ಲಿ ಮಾತ್ರ ದಿನವೂ ಎಣ್ಣೆ ಸವರಬೇಕಾಗುತ್ತದೆ.